ಯಾವ ಬಾಗಿಲು ಎಂದು ಕೇಳಿದ ಲೆಂಪಿ

ಲೆಂಪಿ ಟೊಯ್ಕ ಎಂಬ ಹೆಂಗಸಿನ ಬಗ್ಗೆ ಹೇಳಲು ನನಗೆ ಒಂದೇ ಕಾರಣ ಸಾಕು. ಈ ದೇಶದ ಅಧ್ಯಕ್ಷರಾಗಲು ನಿಂತಿದ್ದ ಆರು ಜನರನ್ನು ಅವಳು, ಇಡೀ ಫಿನ್‌ಲೆಂಡ್ ಟಿವಿ ಮುಂದೆ ಕೂತಿದ್ದಾಗ, ಹನ್ನೊಂದು ಸೆಕೆಂಡು ಮಾತಿಲ್ಲದ ಹಾಗೆ ಮಾಡಿದಳು. ಅವಳಿಗೆ ಪಕ್ಷ ಇಲ್ಲ, ಹುದ್ದೆ ಇಲ್ಲ. ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು. ಅವಳು ಕೇಳಿದ ಮೇಲೆ ಚುನಾವಣೆಯ ಮಾತೇ ಬೇರೆ ದಾರಿ ಹಿಡಿಯಿತು. ನಾನು ಅಲ್ಲೇ ಇದ್ದೆ, ನೋಡಿದೆ. ನೋಡಿದವರು ಹೇಳದೇ ಹೋದರೆ ಇಂಥವು ಮರೆತುಹೋಗುತ್ತವೆ.

ನನ್ನ ಹೆಸರು ಓಸ್ಮೊ. ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದೆ, ಈಗ ಬಿಟ್ಟಿದ್ದೇನೆ. ಲೆಂಪಿಯ ಮನೆ ಪಕ್ಕ ನನ್ನ ಮನೆ. ಗುರುವಾರ ಬೆಳಿಗ್ಗೆ ಅವಳ ಹಂಡೆ ಮತ್ತು ಗ್ಯಾಸ್ ಸಿಲಿಂಡರನ್ನು ನನ್ನ ಗಾಡಿಯಲ್ಲಿ ಚೌಕಕ್ಕೆ ಸಾಗಿಸುವುದು ನನ್ನ ಕೆಲಸ.

ನಮ್ಮೂರು ಹಾಪಕೋಸ್ಕಿ. ರಷ್ಯದ ಗಡಿ ಹದಿನಾಲ್ಕು ಕಿಲೋಮೀಟರು. ಇಲ್ಲಿ ಗುರುವಾರ ಎಂದರೆ ಬಟಾಣಿ ಸೂಪು. ಶಾಲೆಯಲ್ಲಿ ಅದೇ, ಸೇನೆಯಲ್ಲಿ ಅದೇ, ಚುನಾವಣೆ ಬಂದಾಗ ಸಂತೆ ಚೌಕದಲ್ಲೂ ಅದೇ.

ಅಧ್ಯಕ್ಷರ ಚುನಾವಣೆ ನಮ್ಮಲ್ಲಿ ಜನವರಿಯ ಚಳಿಯಲ್ಲಿ ಬರುತ್ತದೆ. ರಸ್ತೆ, ಆಸ್ಪತ್ರೆ, ಪಿಂಚಣಿ, ಇವೆಲ್ಲ ಸರ್ಕಾರದ ಪಾಲು. ಅಧ್ಯಕ್ಷರ ಪಾಲಿಗೆ ಹೊರದೇಶದ ವ್ಯವಹಾರ ಮತ್ತು ಸೇನೆ. ಹಾಗಾಗಿ ಆ ದಿನಗಳಲ್ಲಿ ಚೌಕದಲ್ಲಿ ಮೀನು ಮಾರುವವನೂ ಕ್ಷಿಪಣಿ ಬಗ್ಗೆಯೇ ಮಾತಾಡುತ್ತಾನೆ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಮರದ ಗೂಡು ಚೌಕದಲ್ಲಿ ಎದ್ದು ನಿಲ್ಲುತ್ತದೆ. ಒಳಗೆ ಕಾಫಿ, ಏಲಕ್ಕಿ ಬನ್ನು, ಅಭ್ಯರ್ಥಿಯ ನಂಬರ್ ಬರೆದ ಚೀಟಿ. ಮತಪತ್ರದ ಮೇಲೆ ನಾವು ಬರೆಯುವುದು ನಂಬರನ್ನು, ಹೆಸರನ್ನಲ್ಲ. ನಂಬರ್ ಎರಡರಿಂದ ಶುರು. ಈ ಸಲ ಏಳರವರೆಗೆ ಇತ್ತು.

ಹಿಂದೆ ಒಂದೊಂದು ಗೂಡಿನವರೂ ಬೇರೆ ಬೇರೆ ಸೂಪು ಮಾಡುತ್ತಿದ್ದರು. ಪೈಪೋಟಿ ಹೆಚ್ಚಾಗಿ, ಸಂಜೆ ಆರು ಹಂಡೆ ಸೂಪು ಹಿಮದ ಮೇಲೆ ಚೆಲ್ಲಿ ಹೋಗುತ್ತಿತ್ತು. ಲೆಂಪಿ ಶಾಲೆಯಿಂದ ನಿವೃತ್ತಿ ಆದ ವರ್ಷ ಚೌಕಕ್ಕೆ ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತು, "ಬಟಾಣಿ ಎಲ್ರೂ ತನ್ನಿ. ಹಂಡೆ ಒಂದೇ ಇರ್ಲಿ. ನಾನು ಬೇಯಿಸ್ತೀನಿ" ಎಂದಳು. ಅಂದಿನಿಂದ ಗೂಡುಗಳ ನಡುವೆ ಒಂದೇ ಹಂಡೆ. ಅವಳದು ಒಂದೇ ಕಟ್ಟುಪಾಡು. ಹಂಡೆಯ ಹತ್ತಿರ ಯಾರೂ ಭಾಷಣ ಮಾಡಬಾರದು. ಸಾಲಿನಲ್ಲಿ ನಿಂತವರು ತಮ್ಮ ತಮ್ಮಲ್ಲಿ ಎಷ್ಟು ಜಗಳ ಬೇಕಾದರೂ ಆಡಬಹುದು.

ಸಾಲಿನ ತುದಿಯಲ್ಲಿ ಆರು ತಗಡಿನ ಲೋಟ, ಒಂದು ಬಟ್ಟಲು ಒಣ ಬಟಾಣಿ. ತಟ್ಟೆ ಹಿಡಿಯುವ ಮುಂಚೆ ನಿಮ್ಮ ಮನಸ್ಸಿನ ನಂಬರಿನ ಲೋಟಕ್ಕೆ ಒಂದು ಬಟಾಣಿ ಹಾಕಬೇಕು. ಟಣ್ ಎಂಬ ಸದ್ದಿಗೇ ಗೂಡಿನವರ ಕಿವಿ ನಿಮಿರುತ್ತದೆ. ಟಿವಿಯಲ್ಲಿ ಹಿಂದಿನ ಸಂಜೆ ಯಾರು ಏನು ಅಂದರು ಎಂಬುದು ಮರುದಿನ ಲೋಟದಲ್ಲಿ ಕಾಣುತ್ತದೆ. ಅಣುಬಾಂಬು ನಮ್ಮ ನೆಲದ ಮೇಲೆ ಹಾದುಹೋದರೆ ಏನಂತೆ ಎಂದು ನಂಬರ್ ನಾಲ್ಕು ಹೇಳಿದ ಮರುದಿನ ಅವನ ಲೋಟಕ್ಕೆ ಬಿದ್ದದ್ದು ಒಂಬತ್ತು. ಅದರಲ್ಲಿ ಮೂರು ಅವನ ಗೂಡಿನವರದೇ.

ಲೆಂಪಿ ಒಂಟಿಯಾಗಿ ಸೂಪು ಮಾಡುತ್ತಿರಲಿಲ್ಲ. ಅವಳ ಮಗ ವೆಸಾ ಗಾಲಿನಾ ಎಂಬ ಹೆಣ್ಣನ್ನು ಮದುವೆಯಾಗಿದ್ದಾನೆ. ಗಾಲಿನಾಳ ತವರು ಗಡಿಯಾಚೆಯ ವೀಬೋರ್ಗ್. ಅವಳ ತಾಯಿ ತಮಾರಾ, ಎಂದರೆ ಲೆಂಪಿಗೆ ಬೀಗಿತ್ತಿ, ಹನ್ನೆರಡು ವರ್ಷ ಪ್ರತಿ ಬುಧವಾರ ಸಂಜೆಯ ಬಸ್ಸಿಗೆ ಬಂದು ಶುಕ್ರವಾರ ಹಿಂದಕ್ಕೆ ಹೋಗುತ್ತಿದ್ದಳು. ಗುರುವಾರ ಇಬ್ಬರೂ ಹಂಡೆಯ ಮುಂದೆ, ಚುನಾವಣೆ ಇಲ್ಲದಾಗ ಮನೆಯ ಒಲೆಯ ಮುಂದೆ. ಒಬ್ಬಳಿಗೆ ಇನ್ನೊಬ್ಬಳ ಭಾಷೆ ಬಾರದು. ಲೆಂಪಿ ಫಿನ್ನಿಶಿನಲ್ಲಿ ಬೈಯುವಳು, ತಮಾರಾ ರಷ್ಯನ್ನಿನಲ್ಲಿ ಬೈಯುವಳು. ಸೂಪಿಗೆ ಸಾಸಿವೆ ಎಷ್ಟು ಹಾಕಬೇಕು ಎಂಬುದು ಹನ್ನೆರಡು ವರ್ಷಕ್ಕೂ ತೀರ್ಮಾನ ಆಗಿರಲಿಲ್ಲ. ಅಷ್ಟು ಚೆನ್ನಾಗಿ ಹೊಂದಿಕೊಂಡಿದ್ದ ಬೀಗಿತ್ತಿಯರನ್ನು ನಾನು ಬೇರೆ ಕಡೆ ಕಂಡಿಲ್ಲ.

ಚುನಾವಣೆಗೆ ಎರಡು ತಿಂಗಳು ಇರುವಾಗ ಗಡಿ ಮುಚ್ಚಿದರು. ಆಚೆ ಕಡೆಯವರು ಕಾಗದಪತ್ರ ಇಲ್ಲದ ಜನರನ್ನು ಬೇಕೆಂದೇ ನಮ್ಮ ಗೇಟಿಗೆ ಅಟ್ಟುತ್ತಿದ್ದಾರೆ ಎಂದು ಸರ್ಕಾರ ಹೇಳಿತು. ಊರಿನ ಹೆಚ್ಚಿನವರಿಗೆ ಅದು ಸರಿಯೆನಿಸಿತು. ಹಂಡೆಯ ಹತ್ತಿರ ಯಾರೋ ಕೇಳಿದಾಗ ಲೆಂಪಿಯೂ ಮರೆಮಾಚದೆ ಹೇಳಿದಳು.

"ಮುಚ್ಚಿದ್ದು ಸರೀನೇ. ನಮ್ಮ ಮನೆ ಬಾಗಿಲನ್ನ ಇನ್ನೊಬ್ರು ಒದ್ರೆ ನಾವು ಅಗುಳಿ ಹಾಕಲ್ವಾ?"

ಆ ಮಾತು ಹೇಳುವಾಗ ಹಿಂದೆಯೇ ಗಾಲಿನಾ ತಟ್ಟೆ ಜೋಡಿಸುತ್ತಿದ್ದಳು. ತಟ್ಟೆ ಇಟ್ಟು ಕೆಲಸಕ್ಕೆ ಹೋದಳು. ಊರಿನ ವೃದ್ಧಾಶ್ರಮದಲ್ಲಿ ಅವಳು ದಾದಿ. ಅಂದಿನಿಂದ ಅತ್ತೆಯ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು.

ತಮಾರಾಳ ಹತ್ತಿರ ಈ ದೇಶ ಕೊಟ್ಟ ಪರವಾನಗಿ ಇತ್ತು, ಮಗಳ ಮನೆಯಲ್ಲಿ ಬಂದು ಇರಬಹುದು ಎಂದು. ಅದರ ಗಡುವು ಫೆಬ್ರವರಿಯ ಕೊನೆಯ ದಿನ. ಅಷ್ಟರೊಳಗೆ ಈ ಕಡೆ ಕಾಲಿಟ್ಟರೆ ಮುಂದಕ್ಕೆ ಅರ್ಜಿ ಹಾಕಬಹುದು. ಆ ಕಡೆಯೇ ಉಳಿದು ಗಡುವು ಮುಗಿದರೆ ಹೊಸದು ಕೊಡುತ್ತಾರೆ ಎಂಬ ಭರವಸೆ ಯಾರಿಗೂ ಇರಲಿಲ್ಲ. ಗಾಲಿನಾ ಒಂದು ಕಚೇರಿಗೆ ಫೋನ್ ಮಾಡಿದರೆ ಇನ್ನೊಂದನ್ನು ಕೇಳಿ ಎಂದರು. ಇನ್ನೊಂದರವರು, ಸಮುದ್ರದಾಚೆಯ ಎಸ್ಟೋನಿಯಾಕ್ಕೂ ರಷ್ಯದ ಗಡಿ ಇದೆ, ಅಲ್ಲಿಯವರನ್ನು ಕೇಳಿ ಎಂದರು. ಎಸ್ಟೋನಿಯಾದವರು ನಿಮ್ಮ ದೇಶದವರನ್ನೇ ಕೇಳಿ ಎಂದರು. ಹೀಗೆ ಐದು ವಾರ ಕಳೆಯಿತು.

ಆಗ ಸುದ್ದಿ ಬಂತು. ಅಭ್ಯರ್ಥಿಗಳ ದೊಡ್ಡ ಟಿವಿ ಚರ್ಚೆ ನಮ್ಮೂರ ಶಾಲೆಯ ಆಟದ ಹಾಲ್‌ನಲ್ಲೇ ನಡೆಯುತ್ತದಂತೆ. ಆರು ಜನವೂ ಬರುತ್ತಾರಂತೆ. ವಿಷಯ ಪೂರ್ವದ ಗಡಿ. ಊರಿನವರಿಗೆ ಒಂದು ಪ್ರಶ್ನೆ ಕೇಳುವ ಅವಕಾಶ.

ಚೌಕಕ್ಕೆ ಜ್ವರ ಬಂದ ಹಾಗಾಯಿತು. ಕಾರೇಲಿಯ ಎಂಬ ಈ ಗಡಿ ಸೀಮೆಯ ನಮ್ಮ ಜನಕ್ಕೆ ಮೊದಲೇ ಮಾತು ಜಾಸ್ತಿ. ಆ ವಾರ ಕಾಫಿ ಕುಡಿಯಲು ಬಾಯಿಗೆ ಬಿಡುವು ಸಿಗಲಿಲ್ಲ. ಪ್ರಶ್ನೆ ಕೇಳುವವರು ಯಾರು? ನಂಬರ್ ಮೂರರವರು ಕೇಳಿದರೆ ಐದರವರು ಒಪ್ಪರು. ಐದರವರು ಕೇಳಿದರೆ ಎರಡರವರು ಗೂಡು ಬಿಚ್ಚಿಕೊಂಡು ಹೋಗುತ್ತೇವೆ ಎಂದರು. ಕೊನೆಗೆ ನಂಬರ್ ಮೂರರ ಗೂಡಿನ ಕೌಕೊ ಕೈ ಎತ್ತಿದ. ಕೌಕೊ ಮೂವತ್ತು ವರ್ಷ ಗಡಿ ಕಾವಲಿನಲ್ಲಿ ಇದ್ದವನು.

"ಲೆಂಪಿ ಕೇಳ್ಲಿ. ಅವಳು ಯಾರ ಕಡೆ ಅಂತ ಅವಳ ಗಂಡನಿಗೇ ಸಾಯೋವರೆಗೂ ಗೊತ್ತಾಗ್ಲಿಲ್ಲ."

"ಗೊತ್ತಾಗಿದ್ರೆ ಇನ್ನೂ ಬೇಗ ಹೋಗ್ತಿದ್ದ" ಎಂದಳು ಲೆಂಪಿ, ಸೌಟು ತಿರುವುತ್ತಾ. ಎಲ್ಲರೂ ನಕ್ಕರು. ಅಲ್ಲಿಗೆ ತೀರ್ಮಾನ ಆಯಿತು.

ಪ್ರಶ್ನೆಯನ್ನು ಕೌಕೊ ಬರೆದ. "ಪೂರ್ವದ ಗಡಿ ಮುಚ್ಚಿಯೇ ಇರಬೇಕೇ?" ಅಭ್ಯರ್ಥಿಗಳು ಹೌದಾದರೆ ಹಸಿರು ಹಲಗೆ, ಇಲ್ಲವಾದರೆ ಕೆಂಪು ಹಲಗೆ ಎತ್ತಬೇಕು. ಟಿವಿಯವರು ಒಪ್ಪಿದರು. ಸಮಯ ಇಪ್ಪತ್ತು ಸೆಕೆಂಡು.

ಚರ್ಚೆಯ ಹಿಂದಿನ ದಿನ ನಾನು ಲೆಂಪಿಯ ಮನೆಯ ನೀರಿನ ಕೊಳವೆ ರಿಪೇರಿಗೆ ಹೋಗಿದ್ದೆ. ಚಳಿಗೆ ಒಡೆದಿತ್ತು. ನಾನು ಸಿಂಕಿನ ಕೆಳಗೆ ಮಲಗಿದ್ದಾಗ ಗಾಲಿನಾ ಒಳಗೆ ಬಂದಳು. ಈ ದೇಶದಲ್ಲಿ ಎಲ್ಲರೂ ಎಲ್ಲರಿಗೂ ನೀನು ಅನ್ನುತ್ತಾರೆ. ಗಾಲಿನಾ ಮಾತ್ರ ಅವರ ಕಡೆಯ ರೂಢಿಯಂತೆ ಅತ್ತೆಗೆ ನೀವು ಅನ್ನುತ್ತಾಳೆ.

"ಅತ್ತೆ, ಕೌಕೊ ಬರೆದಿದ್ದನ್ನೇ ಕೇಳ್ತೀರಾ?"

"ಹೂಂ."

"ಆರು ಜನಾನೂ ಹಸಿರು ಎತ್ತಾರೆ. ನೀವೂ ಚಪ್ಪಾಳೆ ತಟ್ತೀರಿ. ಆಮೇಲೆ?"

ಲೆಂಪಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಚಾಕು ನಿಂತಿತು.

"ನಿಮ್ಮಮ್ಮನ ವಿಷಯ ಕೇಳ್ಲಾ?"

"ಬೇಡ. ನನ್ನಮ್ಮನ ಹೆಸರು ಎತ್ತಬೇಡಿ. ಆಶ್ರಮದಲ್ಲಿ ಈಗ್ಲೇ ಕೆಲವರು ನನ್ನ ಮುಖ ನೋಡೋ ರೀತಿ ಬೇರೆ ಆಗಿದೆ. ನಾಳೆ ರಷ್ಯದವಳು ಟಿವಿಲಿ ಗಡಿ ತೆಗೆಸ್ತಿದಾಳೆ ಅಂತಾರೆ."

"ಮತ್ತೆ ಏನ್ ಮಾಡ್ಲಿ ಹೇಳು."

"ನಂಗೇನ್ ಗೊತ್ತು. ಅಗುಳಿ ಹಾಕಿದ್ದು ನೀವು."

ಗಾಲಿನಾ ಹೊರಟುಹೋದಳು. ನಾನು ಸಿಂಕಿನ ಕೆಳಗಿಂದ ಬರಲೋ ಬೇಡವೋ ಎಂದು ಇನ್ನೂ ಸ್ವಲ್ಪ ಹೊತ್ತು ನಟ್ಟು ತಿರುಗಿಸಿದೆ.

"ಓಸ್ಮೊ, ಆ ನಟ್ಟು ಬಿಗಿಯಾಗಿ ಹತ್ತು ನಿಮಿಷ ಆಯ್ತು" ಎಂದಳು ಲೆಂಪಿ. "ಎದ್ದು ಬಾ. ಒಂದು ಮಾತು ಹೇಳು. ಗಡಿ ಮುಚ್ಚಿರ್ಬೇಕು ಅನ್ನೋದೂ, ತಮಾರಾ ಬರಬೇಕು ಅನ್ನೋದೂ, ಎರಡೂ ಒಂದೇ ಬಾಯಲ್ಲಿ ಹೇಳಿದ್ರೆ ತಪ್ಪಾ?"

"ನಂಗೆ ತಪ್ಪು ಅನ್ಸಲ್ಲ."

"ನಂಗೂ ಅನ್ಸಲ್ಲ. ಆದ್ರೆ ಯಾರೂ ಹಂಗೆ ಕೇಳ್ತಿಲ್ಲ ನೋಡು. ಹಸಿರು ಎತ್ತು, ಇಲ್ಲಾ ಕೆಂಪು ಎತ್ತು, ಅಷ್ಟೇ."

ಮರುದಿನ ಹಾಲ್‌ನಲ್ಲಿ ಕೂರಲು ಜಾಗ ಇರಲಿಲ್ಲ. ವ್ಯಾಯಾಮದ ಏಣಿಗಳ ಮೇಲೂ ಜನ ಏರಿ ಕೂತಿದ್ದರು. ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಆರು ಮೇಜು, ಆರು ಅಭ್ಯರ್ಥಿ. ನಂಬರ್ ಮೂರು ಎಕ್‌ಮಾನ್, ಹಿಂದೆ ಮಂತ್ರಿಯಾಗಿದ್ದವನು. ಎಲ್ಲ ಸಮೀಕ್ಷೆಯಲ್ಲೂ ಮುಂದಿದ್ದ. ನಂಬರ್ ಆರು ಮಾರ್ಕೆತ್ತ ಸಾಲ್ಮೆಲ ಎಂಬ ಹೆಂಗಸು, ಹಿಂದೆ ರಾಯಭಾರಿಯಾಗಿದ್ದಳು. ಅವಳ ಲೋಟದಲ್ಲಿ ಯಾವತ್ತೂ ಬಟಾಣಿಗಿಂತ ತಳವೇ ಹೆಚ್ಚು ಕಾಣುತ್ತಿತ್ತು.

ಮುಕ್ಕಾಲು ಗಂಟೆ ದೊಡ್ಡ ಮಾತು ನಡೆಯಿತು. ಸೇನಾ ಮೈತ್ರಿಕೂಟ, ಉಕ್ರೇನ್, ಅಮೆರಿಕ, ರಕ್ಷಣಾ ವೆಚ್ಚ. ನನ್ನ ಪಕ್ಕದವನು ಎದ್ದು ಎದ್ದು ಕೂರುತ್ತಿದ್ದ. ಆಮೇಲೆ ಟಿವಿಯ ಹೆಂಗಸು, "ಈಗ ಹಾಪಕೋಸ್ಕಿಯವರ ಪ್ರಶ್ನೆ" ಎಂದಳು. ಲೆಂಪಿ ಎದ್ದಳು. ಚರ್ಚಿಗೆ ಹಾಕುವ ನೀಲಿ ಉಣ್ಣೆಯ ಅಂಗಿ ಹಾಕಿದ್ದಳು. ಕೈಯಲ್ಲಿ ಕೌಕೊನ ಚೀಟಿ.

"ನಾನು ಲೆಂಪಿ. ಚೌಕದಲ್ಲಿ ಸೂಪು ಬಡಿಸ್ತೀನಿ. ಪೂರ್ವದ ಗಡಿ ಮುಚ್ಚಿಯೇ ಇರಬೇಕೇ? ಹಲಗೆ ಎತ್ತಿ."

ಆರೂ ಹಸಿರು. ಹಾಲ್ ತುಂಬ ಚಪ್ಪಾಳೆ. ಕೌಕೊ ಹಿಂದೆ ತಿರುಗಿ ನನಗೆ ಕಣ್ಣು ಹೊಡೆದ. ಟಿವಿಯವಳು ಮುಂದಿನ ಮಾತಿಗೆ ಬಾಯಿ ತೆರೆದಳು. ಲೆಂಪಿ ಕೂರಲಿಲ್ಲ.

"ಸರಿ. ನಾನೂ ಹಸಿರೇ ಎತ್ತುತ್ತಿದ್ದೆ. ಈಗ ಕೇಳಿ. ಆಚೆ ಕಡೆ ನನ್ನ ಬೀಗಿತ್ತಿ ಇದಾಳೆ. ಎಪ್ಪತ್ತಾರು ವರ್ಷ. ಈ ದೇಶಾನೇ ಕೊಟ್ಟ ಪರವಾನಗಿ ಅವಳ ಹತ್ರ ಇದೆ. ಫೆಬ್ರವರಿ ಕೊನೆಗೆ ಮುಗಿಯತ್ತೆ. ಅವಳು ಯಾವ ಬಾಗಿಲಿಂದ ಬರಬೇಕು?"

ಆಗಲೇ ಆ ಹನ್ನೊಂದು ಸೆಕೆಂಡು. ಕೌಕೊ ಆಮೇಲೆ ಮನೆಯಲ್ಲಿ ಮರುಪ್ರಸಾರ ನೋಡುತ್ತಾ ಗಡಿಯಾರ ಹಿಡಿದು ಎಣಿಸಿದನಂತೆ. ಆರು ಜನ ಮೇಜು ನೋಡಿದರು, ಹಲಗೆ ನೋಡಿದರು, ಒಬ್ಬರು ನೀರು ಕುಡಿದರು. ನಮ್ಮ ಜನ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಸಾವಿನ ಮನೆಯಲ್ಲೂ ನೋಡಿಲ್ಲ.

ಎಕ್‌ಮಾನ್ ಮೊದಲು ಸುಧಾರಿಸಿಕೊಂಡ. "ಇದು ಬಹಳ ಮುಖ್ಯವಾದ ಪ್ರಶ್ನೆ. ರಾಷ್ಟ್ರದ ಭದ್ರತೆಯನ್ನ ನಾವು ಒಟ್ಟಾರೆಯಾಗಿ ನೋಡ್ಬೇಕಾಗತ್ತೆ. ಇಂಥ ಕುಟುಂಬಗಳ ಬಗ್ಗೆ ನಂಗೆ ಪೂರ್ತಿ ಸಹಾನುಭೂತಿ ಇದೆ."

"ಸಹಾನುಭೂತಿ ಇರ್ಲಿ ಕಣಪ್ಪ. ಬಾಗಿಲು ಹೇಳು."

ಇಡೀ ಹಾಲ್ ನಗೆಯಲ್ಲಿ ನಡುಗಿತು. ನಂಬರ್ ಐದು ಮೈಕಿಗೆ ಬಾಗಿದ. "ನಾನು ನೇರವಾಗಿ ಹೇಳ್ತೀನಿ. ಬಾಗಿಲು ಇಲ್ಲ. ಆಕೆ ಆ ಕಡೆನೇ ಇರ್ಲಿ."

ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಗೊಣಗಿದರು. ಲೆಂಪಿ ತಲೆ ಆಡಿಸಿದಳು.

"ಅದು ಉತ್ತರ. ನಂಗೆ ಇಷ್ಟ ಆಗ್ಲಿಲ್ಲ. ಆದ್ರೂ ಅದು ಉತ್ತರ. ಉಳಿದೋರು?"

ಟಿವಿಯವಳು ಗಡಿಯಾರ ನೋಡಿದಳು. ಆದರೆ ನಿಲ್ಲಿಸಲಿಲ್ಲ. ನಂಬರ್ ಆರು, ಆ ಸಾಲ್ಮೆಲ, ಹಸಿರು ಹಲಗೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

"ನಂಗೆ ಗೊತ್ತಿಲ್ಲ" ಎಂದಳು. "ಹಲಗೆ ಎತ್ತೋ ಮುಂಚೆ ಗೊತ್ತಿರಬೇಕಿತ್ತು. ಗೊತ್ತಿಲ್ದೆ ಎತ್ತಿದೆ. ಗುರುವಾರದೊಳಗೆ ತಿಳ್ಕೊಂಡು ಬಂದು ನಿಂಗೆ ಹೇಳ್ತೀನಿ."

"ಗುರುವಾರ ಹನ್ನೊಂದಕ್ಕೆ ಶುರು" ಎಂದಳು ಲೆಂಪಿ. "ಒಂದು ಗಂಟೆಗೆ ಹಂಡೆ ಖಾಲಿ." ಹೇಳಿ ಕೂತಳು.

ಹೊರಗೆ ಬಂದಾಗ ಕೌಕೊ ಕೆಂಪಗಾಗಿದ್ದ. "ನನ್ನ ಚೀಟಿ ಓದು ಅಂದ್ರೆ ನಿನ್ನ ಸಂಸಾರ ಓದಿದೆಯಲ್ಲೇ."

"ನಿನ್ನ ಚೀಟೀನೂ ಓದಿದೀನಿ. ಪೂರ್ತಿ ಓದಿದೀನಿ."

"ಎಕ್‌ಮಾನ್ ಮುಖ ನೋಡಿದ್ಯಾ? ಸಿಪ್ಪೆ ಸುಲಿದ ಆಲೂಗಡ್ಡೆ ಆಗಿತ್ತು."

"ನಿಂಗೆ ತಮಾರಾ ಗೊತ್ತಿಲ್ವೇನೋ ಕೌಕೊ?"

ಕೌಕೊ ಸ್ವಲ್ಪ ಹೊತ್ತು ಹಿಮ ಒದ್ದ. "ಗೊತ್ತಿಲ್ದೆ ಏನು. ಅವಳ ಪಾಸ್‌ಪೋರ್ಟಿಗೆ ನಾನೇ ನೂರಾರು ಸಲ ಮುದ್ರೆ ಒತ್ತಿದೀನಿ. ಒಂದು ಸಲಾನೂ ತಪ್ಪು ಕಾಗದ ತಂದವಳಲ್ಲ" ಎಂದ.

ಗಾಲಿನಾ ಅಂದು ಪಾಳಿಯಲ್ಲಿದ್ದಳು. ಆಶ್ರಮದ ಮುದುಕರೆಲ್ಲ ಟಿವಿ ಮುಂದೆ ಕೂತು, ಬಾಗಿಲು ಹೇಳು, ಬಾಗಿಲು ಹೇಳು ಎಂದು ಚಮಚೆಯಲ್ಲಿ ಮೇಜು ಬಡಿದರಂತೆ. ಮನೆಗೆ ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹೆಸರು ಎತ್ತಲಿಲ್ಲ ನೀವು" ಎಂದಳಂತೆ. ಲೆಂಪಿ, "ನಿನ್ನಮ್ಮನ ವಿಷಯ ಕೇಳ್ಲಿಲ್ಲ, ನನ್ನ ಬೀಗಿತ್ತಿ ವಿಷಯ ಕೇಳ್ದೆ. ಕೂತ್ಕೊ, ಊಟ ತಣ್ಣಗಾಗತ್ತೆ" ಎಂದಳಂತೆ. ಗಾಲಿನಾ ಕೂತಳು. ಇದನ್ನು ವೆಸಾ ನನಗೆ ಹೇಳಿದ್ದು. ಅವನಂಥ ಮಾತಿಲ್ಲದ ಮನುಷ್ಯ ಎರಡು ಸಲ ಹೇಳಿದ.

ಬುಧವಾರದ ಹೊತ್ತಿಗೆ ಇಡೀ ದೇಶ ಅದೇ ಮಾತಾಡುತ್ತಿತ್ತು. ಇಷ್ಟು ದಿನ ಗಡಿ ಮುಚ್ಚಬೇಕೇ ಬೇಡವೇ ಎಂದು ಕಾದಾಡಿದವರು ಈಗ ಯಾವ ಬಾಗಿಲು ಎಂದು ಕಾದಾಡಲು ಶುರುಮಾಡಿದರು. ರೇಡಿಯೊದಲ್ಲಿ ಒಬ್ಬ ನಿವೃತ್ತ ಸೇನಾಧಿಕಾರಿ, ಒಂದು ಬಾಗಿಲನ್ನು ಹೇಗೆ ಕಾಯಬಹುದು ಎಂದು ಲೆಕ್ಕ ಹೇಳಿದ. ಎಕ್‌ಮಾನ್ ಹೆಲ್ಸಿಂಕಿಯಲ್ಲಿ ಪತ್ರಕರ್ತರನ್ನು ಕರೆದು, ಕುಟುಂಬಗಳಿಗಾಗಿ ಒಂದು ಯೋಜನೆ ಇದೆ, ವಿವರ ಆಮೇಲೆ ಎಂದ. ನಂಬರ್ ಎರಡರ ಗೂಡಿನವರು ರಾತ್ರೋರಾತ್ರಿ ಚೀಟಿಯ ಹಿಂದೆ ಬಾಗಿಲಿನ ಚಿತ್ರ ಅಚ್ಚು ಹಾಕಿಸಿದರು. ಬಾಗಿಲಿಗೆ ಚಿಲಕ ಹಾಕುವುದನ್ನು ಮರೆತಿದ್ದರು. ಚೌಕದಲ್ಲಿ ಅದಕ್ಕೆ ಒಂದು ವಾರ ನಗೆ.

ಗುರುವಾರ ಹನ್ನೊಂದಕ್ಕೆ ಸಾಲು ಮೀನಿನ ಅಂಗಡಿ ದಾಟಿ ಬ್ಯಾಂಕಿನವರೆಗೆ ಹೋಗಿತ್ತು. ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ. ಸಾಲ್ಮೆಲ ಹನ್ನೊಂದೂವರೆಗೆ ಬಂದಳು. ಜೊತೆಗೆ ಕ್ಯಾಮೆರಾ ಹಿಡಿದ ನಾಲ್ಕು ಜನ. ನೇರ ಹಂಡೆಯ ಹತ್ತಿರ ಬಂದಳು.

"ಸಾಲು ಅಲ್ಲಿಂದ ಶುರು" ಎಂದಳು ಲೆಂಪಿ, ಸೌಟಿನಲ್ಲಿ ಬ್ಯಾಂಕಿನ ಕಡೆ ತೋರಿಸಿ.

ಸಾಲ್ಮೆಲ ಹೋಗಿ ನಿಂತಳು. ಮುಕ್ಕಾಲು ಗಂಟೆ ನಿಂತಳು. ಮುಂದಿನವನು ಅವಳನ್ನು ಸೇನೆಯ ಬಗ್ಗೆ ಕೇಳಿದ, ಹಿಂದಿನವಳು ಅಮೆರಿಕದ ಬಗ್ಗೆ ಕೇಳಿದಳು. ಅವಳ ಕಿವಿ ಕೆಂಪಗಾಗಿತ್ತು. ಯಾರೋ ಟೋಪಿ ಕೊಟ್ಟರು. ಅವಳ ಸರದಿ ಬಂದಾಗ ಸಾಲೆಲ್ಲ ಮುರಿದು ಹಂಡೆಯ ಸುತ್ತ ನಿಂತಿತು. ಗಾಲಿನಾ ರೊಟ್ಟಿ ಕೊಯ್ಯುವುದನ್ನು ನಿಲ್ಲಿಸಿದಳು.

"ಭಾಷಣ ಇಲ್ಲ" ಎಂದಳು ಲೆಂಪಿ.

"ಇಲ್ಲ. ನಮ್ಮ ಗಡೀಲಿ ಈಗ ಬಾಗಿಲೇ ಇಲ್ಲ. ನಾನು ಗೆದ್ರೂ ಒಬ್ಳೇ ತೆಗೆಯೋಕಾಗಲ್ಲ, ಸರ್ಕಾರ ಒಪ್ಪಬೇಕು. ಎಸ್ಟೋನಿಯಾದ ನಾರ್ವಾದಲ್ಲಿ ಒಂದು ಸೇತುವೆ ಇದೆ. ನಡ್ಕೊಂಡು ದಾಟಬೇಕು. ನಿನ್ನ ಬೀಗಿತ್ತಿ ಹತ್ರ ಇರೋ ಪರವಾನಗಿಗೆ ಅಲ್ಲಿ ಬಿಡ್ತಾರೆ. ಇದು ಯಾವ ನಿಯಮ, ಯಾರು ಹೇಳಿದ್ದು, ಅವರ ಫೋನ್ ನಂಬರ್ ಏನು, ಎಲ್ಲ ಇದ್ರಲ್ಲಿ ಬರೆದಿದೀನಿ. ಹದಿನಾಲ್ಕು ಫೋನ್ ಮಾಡ್ದೆ."

ಒಂದು ಹಾಳೆ ಚಾಚಿದಳು. ಲೆಂಪಿಯ ಕೈ ಸೂಪಾಗಿತ್ತು. ಗಾಲಿನಾ ಮುಂದೆ ಬಂದು ಹಾಳೆ ಇಸಿದುಕೊಂಡಳು. ಓದಿದಳು. ಇನ್ನೊಮ್ಮೆ ಓದಿದಳು.

"ನೀವು ಹದಿನಾಲ್ಕು ಮಾಡಿದ್ರಾ?" ಎಂದಳು. "ನಾನು ಅರವತ್ತು ಮಾಡಿದೀನಿ. ಅಭ್ಯರ್ಥಿ ಅಂದ್ರೆ ಬೇಗ ಎತ್ತಾರೆ ಅನ್ಸತ್ತೆ."

ಸಾಲ್ಮೆಲಳ ಮುಖ ಸಣ್ಣದಾಯಿತು. "ಹೌದು" ಎಂದಳು. "ಅದೂ ಸರಿಯಿಲ್ಲ."

"ಕೊಡು ತಟ್ಟೆ" ಎಂದಳು ಲೆಂಪಿ. ಅವಳಿಗೆ ಅಡಿಯಿಂದ ತಿರುವಿ, ಮಾಂಸದ ತುಂಡು ಬರುವ ಹಾಗೆ ಬಡಿಸಿದಳು. ಅದನ್ನು ನಾನೂ ನೋಡಿದೆ, ಆರೂ ಗೂಡಿನವರೂ ನೋಡಿದರು. ಅಂದು ನಂಬರ್ ಆರರ ಲೋಟ ತುಂಬಿ ಬಟಾಣಿ ಹಿಮಕ್ಕೆ ಉರುಳಿತು.

ಮೊದಲ ಸುತ್ತಿನ ಮತದಾನ ಹತ್ತು ದಿನಕ್ಕೆ, ಭಾನುವಾರ ಇತ್ತು. ಆ ಭಾನುವಾರವೇ ತಮಾರಾ ಸೇತುವೆ ದಾಟುವುದೆಂದು ಗೊತ್ತಾಯಿತು. ಅವಳಿಗೆ ಹಲ್ಲಿನ ವೈದ್ಯರ ಹತ್ತಿರ ಕೆಲಸ ಇತ್ತು, ಅದು ಮುಗಿಯದೆ ಹೊರಡುವುದಿಲ್ಲ ಎಂದು ಹಟ. ಲೆಂಪಿ ಮಂಗಳವಾರವೇ ಗ್ರಂಥಾಲಯದಲ್ಲಿ ಮುಂಗಡ ಮತ ಹಾಕಿದಳು. ಕೌಕೊ ಬಾಗಿಲಲ್ಲಿ ಕಾದಿದ್ದ.

"ಒಂದಂಕಿನಾದ್ರೂ ಹೇಳೇ."

"ಎಲ್ಲ ಒಂದಂಕಿನೇ ಕಣೋ. ಏಳಕ್ಕೆ ಮುಗಿಯತ್ತೆ."

ಶನಿವಾರ ನಾನು, ಲೆಂಪಿ, ಗಾಲಿನಾ ನನ್ನ ಗಾಡಿಯಲ್ಲಿ ಹೊರಟೆವು. ಹೆಲ್ಸಿಂಕಿಯಿಂದ ಹಡಗು, ಟಾಲಿನ್‌ನಿಂದ ಮತ್ತೆ ರಸ್ತೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸೇತುವೆಯ ಈ ತುದಿಯಲ್ಲಿ ನಿಂತೆವು. ನದಿಯ ಆಚೆ ಕೋಟೆ, ಈಚೆ ಕೋಟೆ, ನಡುವೆ ಬೇಲಿ ಹಾಕಿದ ಉದ್ದನೆಯ ಸೇತುವೆ. ಗಂಟು, ಪೆಟ್ಟಿಗೆ ಎಳೆದುಕೊಂಡು ಒಬ್ಬೊಬ್ಬರೇ ಬರುತ್ತಿದ್ದರು.

ಹತ್ತಾಯಿತು. ಹನ್ನೊಂದಾಯಿತು. ತಮಾರಾ ಬೆಳಗಿನ ಜಾವವೇ ಆ ಕಡೆ ಸಾಲಿಗೆ ನಿಂತಿದ್ದೇನೆ ಎಂದು ಫೋನ್ ಮಾಡಿದ್ದಳು. ಆಮೇಲೆ ಅವಳ ಫೋನ್ ಸತ್ತಿತು. ಹನ್ನೆರಡಾಯಿತು. ಗಾಲಿನಾ ಆ ಹಾಳೆಯನ್ನು ಕೋಟಿನ ಒಳಗಿಂದ ತೆಗೆಯುವುದು, ಓದುವುದು, ಮಡಚುವುದು. ಲೆಂಪಿ ಒಂದೇ ಕಡೆ ನಿಂತಿದ್ದಳು. ಕಾರಿನಲ್ಲಿ ಕೂತ್ಕೊ ಎಂದೆ. ಕೂರಲಿಲ್ಲ.

"ನಂಬರ್ ಐದು ಹೇಳಿದ್ದೇ ಸರಿ ಆದ್ರೆ?" ಎಂದಳು ಗಾಲಿನಾ. "ಬಾಗಿಲೇ ಇಲ್ದೆ ಹೋದ್ರೆ?"

"ಕಾಗದದಲ್ಲಿ ಇದೆ ಅಂತ ಬರೆದಿದಾರಲ್ಲ."

"ಅತ್ತೆ, ಕಾಗದದಲ್ಲಿ ಎಷ್ಟೊಂದು ಇರತ್ತೆ."

ಒಂದಾಯಿತು. ಎರಡಾಯಿತು. ಎರಡೂ ಇಪ್ಪತ್ತಕ್ಕೆ ಗಾಜಿನ ಬಾಗಿಲು ತೆರೆದು ಒಂದು ಚಕ್ರದ ಚೀಲ ಮೊದಲು ಬಂತು, ಹಿಂದೆ ನರಿತುಪ್ಪಳದ ಟೋಪಿ, ಟೋಪಿಯ ಕೆಳಗೆ ತಮಾರಾ. ಅವಳು ಜೋರಾಗಿ ಬೈಯುತ್ತಲೇ ಬಂದಳು. ಗಾಲಿನಾ ಓಡಿಹೋಗಿ ತಬ್ಬಿಕೊಂಡಳು. ತಾಯಿಯ ಹೆಗಲ ಮೇಲೆ ಮುಖ ಇಟ್ಟು ನಗುತ್ತಾ ಅಳುತ್ತಾ ಇದ್ದವಳನ್ನು ಲೆಂಪಿ ಕೇಳಿದಳು.

"ಏನಂತೆ ಅವಳಿಗೆ?"

"ಹೊಗೆ ಹಾಕಿದ ಮೀನು ತಂದಿದ್ಲಂತೆ. ಪೆಟ್ಟಿಗೆ ತಪಾಸಣೆ ಮಾಡೋರು ಕಿತ್ಕೊಂಡ್ರಂತೆ. ಅದಕ್ಕೆ ಎರಡು ಗಂಟೆ ಜಗಳ ಆಡಿದ್ಲಂತೆ."

ಲೆಂಪಿಗೆ ಸಿಟ್ಟು ಬಂತು. ಐದು ಗಂಟೆ ಚಳಿಯಲ್ಲಿ ನಿಂತವಳು ಬಾಯಿಗೆ ಬಂದದ್ದೆಲ್ಲ ಫಿನ್ನಿಶಿನಲ್ಲಿ ಅಂದಳು. ತಮಾರಾ ರಷ್ಯನ್ನಿನಲ್ಲಿ ತಿರುಗಿ ಅಂದಳು. ಕಾವಲಿನವನು ಓಡಿ ಬಂದ, ಜಗಳ ಎಂದುಕೊಂಡು. ಅಷ್ಟರಲ್ಲಿ ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದು ನನ್ನ ಗಾಡಿಯ ಕಡೆ ನಡೆದಿದ್ದರು.

ಸಂಜೆ ಹಡಗಿನ ದೊಡ್ಡ ಟಿವಿಯಲ್ಲಿ ಫಲಿತಾಂಶ ಬಂತು. ಎಕ್‌ಮಾನ್ ಮೊದಲು. ನಂಬರ್ ಎರಡು ಎರಡನೆಯ ಸ್ಥಾನ. ಸಾಲ್ಮೆಲ ಮೂರನೆಯವಳು, ಶೇಕಡಾ ಒಂದೂವರೆಯಷ್ಟು ಮತ ಹಿಂದೆ. ಎರಡನೇ ಸುತ್ತಿಗೆ ಇಬ್ಬರೇ ಹೋಗುತ್ತಾರೆ. ಹಡಗಿನವರು ಕೂಗಿದರು, ಕುಣಿದರು. ಗಾಲಿನಾ ಟಿವಿ ನೋಡುತ್ತಾ ನಿಂತಿದ್ದಳು.

"ಪಾಪ" ಎಂದಳು. "ಗೆಲ್ಬೇಕಿತ್ತು."

"ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಲು" ಎಂದಳು ಲೆಂಪಿ. "ಅಧ್ಯಕ್ಷರಿಗೆ ಇನ್ನೂ ಎಷ್ಟೋ ಪ್ರಶ್ನೆ ಇರ್ತಾವೆ. ಬೇರೆಯೋರು ಬೇರೆ ಪ್ರಶ್ನೆ ಇಟ್ಕೊಂಡು ಹಾಕಿರ್ತಾರೆ."

ಆದರೂ ಆ ಪ್ರಶ್ನೆ ಸಾಲ್ಮೆಲಳ ಜೊತೆ ಮನೆಗೆ ಹೋಗಲಿಲ್ಲ. ಅವಳ ಮತಗಳು ಬೇಕಾಗಿದ್ದ ಇಬ್ಬರೂ ಮುಂದಿನ ಎರಡು ವಾರ ಅದನ್ನೇ ಹಿಡಿದು ಜಗ್ಗಿದರು. ಕೊನೆಯ ಟಿವಿ ಚರ್ಚೆಯ ಮೊದಲ ಪ್ರಶ್ನೆಯೇ ಅದು. ಒಬ್ಬ ವಾರಕ್ಕೆ ಒಂದು ದಿನ, ಕುಟುಂಬದವರಿಗೆ ಮಾತ್ರ, ಒಂದೇ ಗೇಟು ಎಂದ. ಇನ್ನೊಬ್ಬ ಈಗಲೇ ಬೇಡ, ಪ್ರತಿ ಮೂರು ತಿಂಗಳಿಗೆ ಪರಿಶೀಲನೆ ಎಂದ. ಹಲಗೆ ಯಾರೂ ಎತ್ತಲಿಲ್ಲ. ದೇಶ ಒಬ್ಬನನ್ನು ಆರಿಸಿತು. ನಮ್ಮ ಗೇಟು ಇನ್ನೂ ಮುಚ್ಚಿಯೇ ಇದೆ. ತಮಾರಾಳ ಅರ್ಜಿ ಗಡುವಿಗೆ ಮುಂಚೆ ಹೋಗಿದೆ, ತೀರ್ಮಾನ ಬರುವವರೆಗೆ ಇಲ್ಲಿ ಇರಬಹುದು ಎಂದು ಕಾಗದ ಬಂದಿದೆ. ಆ ಕಾಗದವನ್ನು ಗಾಲಿನಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.

ಚುನಾವಣೆ ಮುಗಿದರೂ ಲೆಂಪಿ ಹಂಡೆ ನಿಲ್ಲಿಸಿಲ್ಲ. ಗೂಡುಗಳು ಹೋದವು, ಹಂಡೆ ಉಳಿಯಿತು. ನೀವು ಒಂದು ಗುರುವಾರ ಹಾಪಕೋಸ್ಕಿಗೆ ಬನ್ನಿ, ಅವಳನ್ನು ನೋಡಿ, ಮಾತಾಡಿಸಿ. ಪಕ್ಕದಲ್ಲಿರುವ ತಮಾರಾಳನ್ನೂ ಮಾತಾಡಿಸಿ. ಭಾಷೆ ಬಾರದಿದ್ದರೆ ತೊಂದರೆ ಇಲ್ಲ, ಅವಳಿಗೆ ಅಭ್ಯಾಸ ಇದೆ. ನಿಮ್ಮ ಕಡೆಯ ಚುನಾವಣೆಯಲ್ಲಿ ಏನು ಕೇಳಬೇಕು ಎಂದು ತೋಚದಿದ್ದರೆ ಲೆಂಪಿಯ ಹತ್ತಿರ ಹೇಳಿನೋಡಿ. ಒಂದು ಗಂಟೆಯೊಳಗೆ ಬರಬೇಕು. ಸಾಲು ಬ್ಯಾಂಕಿನ ಕಡೆಯಿಂದ ಶುರು.